ಸುಳಿ ನೋಡುವ ಭಾವ

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದರೆ ಮೂರು ದಿನ ಮನೆಗೆ ಬರುತ್ತಿರಲಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ, ಗೊರಸು ತಟ್ಟಿ, ಹತ್ತು ಹೆಜ್ಜೆ ನಡೆಸಿ, ಕೊನೆಗೆ ಮೈಮೇಲಿನ ಸುಳಿ ಹುಡುಕುತ್ತಿದ್ದರು. ಸುಳಿ ಕೆಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ತಾತ ಹೋದಮೇಲೆ ಆ ವಿದ್ಯೆ ಮನೆಯಿಂದ ಹೋಯಿತು ಅಂದುಕೊಂಡಿದ್ದೆವು. ಅಷ್ಟರಲ್ಲಿ ಅಕ್ಕನ ಮದುವೆಯಾಯಿತು, ಭಾವ ಬಂದರು.

ಭಾವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಭಕ್ತರು. ಸ್ಕೂಟರಿನ ಮೇಲೂ ಲಿನಕ್ಸಿನ ಲಾಂಛನವಾದ ಪೆಂಗ್ವಿನ್ ಸ್ಟಿಕ್ಕರ್ ಇರುವುದರಿಂದ ಮಕ್ಕಳಿಗೆಲ್ಲ ಅವರು ಪೆಂಗ್ವಿನ್ ಮಾವ. ಲ್ಯಾಪ್‌ಟಾಪ್ ಕೊಳ್ಳಲು ಹೋದ ಮಿಕ್ಕವರು ಬೆಲೆ ಕೇಳುತ್ತಾರೆ, ಬ್ಯಾಗ್ ಫ್ರೀನಾ ಅಂತ ಕೇಳುತ್ತಾರೆ. ಭಾವ ಕೇಳುವುದು ಒಂದೇ: “ವೈಫೈ ಚಿಪ್ ಯಾರದ್ದು?”

ಮಗಳು ಕಾಲೇಜು ಸೇರಿದ ವರ್ಷ ಲ್ಯಾಪ್‌ಟಾಪ್ ಕೊಳ್ಳಲು ಅವರನ್ನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋದದ್ದು ನನ್ನದೇ ತಪ್ಪು.

“ವೈಫೈ ಅಂದ್ರೆ ವೈಫೈ ಸಾರ್. ಇಂಟರ್ನೆಟ್ ಬರುತ್ತೆ” ಅಂದ ಅಂಗಡಿಯವನು.

ಭಾವ ಕೊರಳಲ್ಲಿ ತಾಯಿತದಂತೆ ತೂಗುತ್ತಿದ್ದ, ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತೆಗೆದರು. “ಒಳಗಿರೋದನ್ನ ಮುಟ್ಟಲ್ಲಪ್ಪ. ಇದರಿಂದಲೇ ಎಬ್ಬಿಸಿ ನೋಡ್ತೀನಿ.”

ಕಪ್ಪು ಪರದೆಯ ಮೇಲೆ ಎಲ್‌ಎಸ್‌ಪಿಸಿಐ ಎಂದು ಟೈಪಿಸಿದರು. ಒಳಗಿರುವ ಚಿಪ್ಪುಗಳೆಲ್ಲ ಹಾಜರಿ ಕೊಟ್ಟವು. ಪ್ರತಿ ತಯಾರಕನಿಗೂ ಒಂದೊಂದು ಕೋಡ್ ಇರುತ್ತದೆ. ಇಂಟೆಲ್‌ನದು 8086, 1978ರ ಅದರ ಹೆಸರಾಂತ ಪ್ರೊಸೆಸರಿನ ನಂಬರೇ. ಅಕ್ಕನ ಹುಟ್ಟಿದ ದಿನ ಭಾವನಿಗೆ ನೆನಪಿರುವುದಿಲ್ಲ, 8086 ಮಾತ್ರ ಮರೆಯುವುದಿಲ್ಲ. ಅದೇ ಅವರ ಶುಭ ಸುಳಿ.

“ನೋಡಯ್ಯ, ಚಿಪ್ ಮಾಡಿದವನು ವಿಂಡೋಸಿಗೆ ತಾನೇ ಡ್ರೈವರ್ ಬರೆದು ಕೊಡ್ತಾನೆ. ಲಿನಕ್ಸಿಗೂ ಬರೆದರೆ ಪುಣ್ಯಾತ್ಮ. ಬರೆಯದೆ, ಒಳಗಿನ ಗುಟ್ಟೂ ಹೇಳದೆ ಕೂತರೆ, ಯಾರೋ ಪಾಪದವರು ಕತ್ತಲಲ್ಲಿ ತಡವಿ ಕಂಡುಹಿಡೀಬೇಕು.”

ಇಷ್ಟಕ್ಕೇ ಮುಗಿದಿದ್ದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದೆವು. ಆದರೆ ಒಂದೇ ಮಾಡೆಲಿನ ಎರಡು ಡಬ್ಬಗಳಲ್ಲಿ ಬೇರೆ ಬೇರೆ ಕಂಪನಿಯ ಚಿಪ್ ಇರುವುದುಂಟು. ಆದ್ದರಿಂದ ಭಾವನಿಗೆ ಶೋಕೇಸಿನ ಪೀಸ್ ಸಾಲದು, ಮನೆಗೆ ಬರುವ ಪೀಸಿನ ಸುಳಿಯನ್ನೇ ನೋಡಬೇಕು.

“ಸೀಲ್ ಒಡೆದರೆ ತಗೊಳ್ಳೇಬೇಕು ಸಾರ್!”

“ಡಬ್ಬದ ಮೇಲೆ ಬರೆದಿದ್ದನ್ನ ನಂಬಿ 2009ರಲ್ಲಿ ಒಂದು ತಗೊಂಡೆನಪ್ಪ. ಎರಡು ವರ್ಷ ಮನೆಯೆಲ್ಲ ಲ್ಯಾನ್ ಕೇಬಲ್ ಎಳ್ಕೊಂಡು ಓಡಾಡಿದೀನಿ.”

ನಿಜವೇ. ಅಕ್ಕ ಆ ಕೇಬಲ್ಲಿನ ಮೇಲೆ ಟವೆಲ್ ಒಣಹಾಕುತ್ತಿದ್ದಳು. ಆ ವೈಫೈ ನಡೆಯಲು ಬೇಕಾದ ಫರ್ಮ್‌ವೇರ್ ಇಂಟರ್ನೆಟ್ಟಿನಲ್ಲಿತ್ತು, ಇಂಟರ್ನೆಟ್ಟಿಗೆ ಹೋಗಲು ವೈಫೈ ಬೇಕಿತ್ತು. ಬಾವಿಗೆ ಇಳಿಯುವ ಹಗ್ಗ ಬಾವಿಯೊಳಗೇ! 2023ರಲ್ಲಿ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 12 ಇಂಥ ಫರ್ಮ್‌ವೇರನ್ನು ತನ್ನ ಇನ್‌ಸ್ಟಾಲರಿನಲ್ಲೇ ಸೇರಿಸಿ ಕೊಟ್ಟಾಗ ಭಾವ ಮನೆಯಲ್ಲಿ ಪಾಯಸ ಮಾಡಿಸಿದರು.

ಎರಡನೆಯ ಪರೀಕ್ಷೆ ನಿದ್ದೆಯದು. ಮುಚ್ಚಳ ಮುಚ್ಚಿ ಹತ್ತರವರೆಗೆ ಎಣಿಸಿ ತೆರೆಯಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಫ್ಯಾನ್ ಗೊರಕೆ ಹೊಡೆಯುತ್ತಿರುತ್ತದೆ, ಪರದೆ ಕಣ್ಣು ಬಿಡುವುದಿಲ್ಲ. ಇದನ್ನು ಕೇಳಿದ ಅಕ್ಕ, “ಮಧ್ಯಾಹ್ನ ಮಲಗಿದರೆ ಏಳ್ತಾರಾ ಅಂತ ನಮ್ಮಪ್ಪನೂ ಹೀಗೇ ನೋಡಬೇಕಿತ್ತು” ಅಂದಿದ್ದಳು. ಬೆರಳಚ್ಚಿನ ಸೆನ್ಸರ್ ಇವರಿಗೆ ಲೆಕ್ಕಕ್ಕಿಲ್ಲ. ಎಷ್ಟೋ ಸೆನ್ಸರುಗಳಿಗೆ ಲಿನಕ್ಸ್ ಡ್ರೈವರೇ ಇಲ್ಲ. “ಹೆಬ್ಬೆಟ್ಟು ಒತ್ತೋದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕು” ಅನ್ನುತ್ತಾರೆ.

ಗ್ರಾಫಿಕ್ಸಿಗೆ ಬಂದಾಗ ಭಾವನ ದನಿ ಏರಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾಗೆ ಮಧ್ಯದ ಬೆರಳು ತೋರಿಸಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾವನ್ನು ಬೈದದ್ದನ್ನು ಅವರು ಎದುರೇ ಕೂತು ಕಂಡವರಂತೆ ಅಂಗಡಿಯವನಿಗೆ ವರ್ಣಿಸಿದರು. ಅಕ್ಕ ಎದುರಿಗಿದ್ದರೆ ತೋರುಬೆರಳಿಗೆ ಇಳಿಸುತ್ತಾರೆ. ಹತ್ತು ವರ್ಷದ ಮೇಲೆ, 2022ರಲ್ಲಿ, ಅದೇ ಕಂಪನಿ ತನ್ನ ಡ್ರೈವರಿನ ಕರ್ನೆಲ್ ಭಾಗದ ಸೋರ್ಸ್ ಕೋಡನ್ನು ಬಿಟ್ಟುಕೊಟ್ಟಿತು. “ಒಂದು ಬೆರಳಿನ ಶಕ್ತಿ ನೋಡಯ್ಯ!” ತಾತನ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನಡಿ ಬೆರಳು ಹಿಡಿದು ಅರ್ಧ ಗಂಟೆಯಲ್ಲಿ ವ್ಯಾಪಾರ ಕುದುರಿಸುತ್ತಿದ್ದರು. ಇವರ ಜಾತ್ರೆಯಲ್ಲಿ ಬೆರಳಿಗೆ ಹತ್ತು ವರ್ಷ ಹಿಡಿಯಿತು.

ಅಂತೂ ನಾಲ್ಕನೆಯ ಡಬ್ಬದಲ್ಲಿ 8086 ಸಿಕ್ಕಿತು. ಅಂಗಡಿಯವನು ಬಿಲ್ಲಿನ ಜೊತೆ ಒಂದು ಕೈಮುಗಿತವನ್ನೂ ಕೊಟ್ಟ. ಮಗಳು ಅದರಲ್ಲಿ ಇವತ್ತಿಗೂ ಸಿನಿಮಾ ನೋಡುತ್ತಾಳೆ.

ಮರುವರ್ಷ ಪಕ್ಕದ ಮನೆಯ ಹುಡುಗನಿಗಾಗಿ ಅದೇ ಅಂಗಡಿಗೆ ಹೋದೆವು. ಗಲ್ಲಾದಲ್ಲಿ ಹೊಸ ಹುಡುಗ. ಮಗಳಿಗೆ ಕೊಂಡ ಕಂಪನಿಯದೇ ಲ್ಯಾಪ್‌ಟಾಪಿಗೆ ಪಕ್ಕದ ಅಂಗಡಿಗಿಂತ 500 ರೂಪಾಯಿ ಜಾಸ್ತಿ ಹೇಳಿದ.

“ಯಾಕಪ್ಪ?”

“ಇದು ಲಿನಕ್ಸ್ ಓಡೋ ಮಾಡೆಲ್ ಸಾರ್. ಒಬ್ಬರು ಎಕ್ಸ್‌ಪರ್ಟ್ ಬಂದು ಚೆಕ್ ಮಾಡಿದ್ದಾರೆ.”

“ಯಾರವರು?”

“ಗೊತ್ತಿಲ್ಲ ಸಾರ್. ಅವರು ಬಂದ ದಿನ ವ್ಯಾಪಾರ ಹಾಳು ಅಂತ ಓನರ್ ಹೇಳ್ತಿರ್ತಾರೆ.”

ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುವ ಭಾವ ಮರುಮಾತಿಲ್ಲದೆ ಆ 500 ರೂಪಾಯಿ ಸೇರಿಸಿ ಎಣಿಸಿಟ್ಟರು. ಆಮೇಲೆ ಕೊರಳಿನ ಪೆನ್‌ಡ್ರೈವ್ ತೆಗೆದರು.

“ಎಕ್ಸ್‌ಪರ್ಟ್ ಅಂದಾಕ್ಷಣ ನಂಬೋಕಾಗುತ್ತೇನಪ್ಪ? ಡಬ್ಬ ಬಿಚ್ಚು, ನೋಡೋಣ.”