ಮುಂದಿನ ಜೂನಿನ ಸಾಹೇಬರು

ನಮ್ಮ ಮಾಳಿಗೆ ಮನೆಗೆ ಅವರು ಬಂದದ್ದು 2015ರ ಜೂನಿನಲ್ಲಿ. ತಿಪಟೂರಿನ ಕಡೆಯವರು, ಪ್ರಥಮ ದರ್ಜೆ ಸಹಾಯಕರು. ಕೊಪ್ಪಳದಲ್ಲಿ ಇನ್‌ಶರ್ಟ್ ಮಾಡಿ ಫೈಲು ಹಿಡಿದವರೆಲ್ಲ ಸಾಹೇಬರೇ, ಹಾಗಾಗಿ ಇವರೂ ಸಾಹೇಬರು. ಟೆಂಪೊದಿಂದ ಸಾಮಾನು ಇಳಿಯುವ ಮೊದಲೇ ನನ್ನನ್ನು ಬದಿಗೆ ಕರೆದು, "ಸಾರ್, ಅಗ್ರಿಮೆಂಟು ಹನ್ನೊಂದು ತಿಂಗಳಿಗೆ ಸಾಕು. ಮುಂದಿನ ಜೂನ್‌ಗೆ ನಮಗೆ ಊರ ಕಡೆ ಟ್ರಾನ್ಸ್‌ಫರ್ ಆಗುತ್ತೆ" ಎಂದರು. "ಆಗ್ಲಿ ಬಿಡ್ರಿ" ಎಂದೆ. ಈಗ ನಡೆದಿರುವುದು ಹನ್ನೆರಡನೆಯ ಅಗ್ರಿಮೆಂಟು.

ಅವರ ಹುದ್ದೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ್ದು. ಸಂವಿಧಾನದ 371ಜೆ ಕಲಂ ಬಂದ ಮೇಲೆ ಇಲ್ಲಿಯ ಸಿ ವೃಂದದ ನೂರು ಹುದ್ದೆಗಳಲ್ಲಿ ಎಂಬತ್ತು ಈ ಭಾಗದವರಿಗೆ. ಉಳಿದ ಇಪ್ಪತ್ತಕ್ಕೆ ಮೆರಿಟ್ಟಿನ ಮೇಲೆ ಯಾರಾದರೂ ಬರಬಹುದು. ಬಂದಷ್ಟು ಸಲೀಸಾಗಿ ಹೋಗಲಿಕ್ಕೆ ಆಗುವುದಿಲ್ಲ. ಇದು ಅವರ ಆಫೀಸಿನ ಜವಾನನಿಗೂ ಗೊತ್ತು. ಸಾಹೇಬರಿಗೂ ಗೊತ್ತು. "ನಿಯೋಜನೆ ಮೇಲಾದ್ರೂ ಹೋಗ್ತೀನಿ ಸಾರ್" ಎನ್ನುತ್ತಾರೆ. ಹೀಗೆ ಹೋಗುವವರು ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಹತ್ತು ವರ್ಷಗಳಿಂದ ಅವರ ಕ್ಯಾಲೆಂಡರು ಕುರ್ಚಿಯ ಮೇಲೆ ಕೂತಿದೆ. ಸಾಗಿಸುವಾಗ ಬೇಕಾಗುತ್ತದೆಂದು ಫ್ರಿಜ್ಜಿನ ರಟ್ಟಿನ ಡಬ್ಬಿಯನ್ನು ಜತನವಾಗಿ ಇಟ್ಟಿದ್ದರು. ನಡುವೆ ಫ್ರಿಜ್ಜು ಕೆಟ್ಟು ಗುಜರಿಗೆ ಹೋಯಿತು, ಡಬ್ಬಿ ಇನ್ನೂ ಇದೆ.

ಹಾಗಂತ ಅವರು ಸ್ವಂತ ಮನೆಯ ವಿಚಾರ ಬಿಟ್ಟವರಲ್ಲ. ಬಾಡಿಗೆ ಕೊಡುವಾಗಲೆಲ್ಲ ಅವರ ಕರುಳು ಚುರ್ ಎನ್ನುತ್ತದೆ. ಬಂದ ಮೊದಲ ತಿಂಗಳೇ ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಕೊಪ್ಪಳದ ಅಂಚಿನಲ್ಲಿ 30–40ರ ಒಂದು ಪ್ಲಾಟು ನೋಡಿದರು. ಎನ್‌ಎ ಆಗಿತ್ತು, ಉತಾರ ಸರಿ ಇತ್ತು, ಪೂರ್ವಕ್ಕೆ ಬಾಗಿಲು ಬರುತ್ತಿತ್ತು. ಏಳು ಲಕ್ಷ ಎಂದರು. ಸಾಹೇಬರು ಜೇಬಿನಿಂದ ಡೈರಿ ತೆಗೆದು ಅಲ್ಲೇ ಲೆಕ್ಕ ಹಾಕಿದರು. ನನ್ನ ಬಾಡಿಗೆ ಆಗ 4,500. "ಏಳು ಲಕ್ಷಕ್ಕೆ ಬ್ಯಾಂಕ್ ಬಡ್ಡಿನೇ ನಿಮ್ಮ ಬಾಡಿಗೆಗಿಂತ ಜಾಸ್ತಿ ಆಗುತ್ತೆ ಸಾರ್. ಒಂದು ವರ್ಷದ ಮಟ್ಟಿಗೆ ಯಾರು ತಗೋತಾರೆ?" ಲೆಕ್ಕ ಬರೋಬ್ಬರಿ ಇತ್ತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿದ ನಾನೇ ತಪ್ಪು ಹುಡುಕಲಾರದೆ ಹೋದೆ. ತಪ್ಪು ಇದ್ದದ್ದು ಆ 'ಒಂದು ವರ್ಷ'ದಲ್ಲಿ.

ಟ್ರಾನ್ಸ್‌ಫರ್ ಆಗಲಿಲ್ಲ ಎನ್ನುವಂತೆಯೂ ಇಲ್ಲ. ಮೊದಲು ಗಂಗಾವತಿಗೆ ಆಯಿತು. ಜಿಲ್ಲಾ ಕೇಂದ್ರ ಕೊಪ್ಪಳವಾದರೂ ರೊಕ್ಕದ ಕೇಂದ್ರ ಗಂಗಾವತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎರಡು ಬೆಳೆ ಭತ್ತ, ಊರ ಸುತ್ತ ರೈಸ್ ಮಿಲ್ಲು. ಅಲ್ಲಿಯ ಸಾಹುಕಾರರು ಪ್ಲಾಟಿನ ರೇಟು ಹೇಳುವ ಧಾಟಿಯೇ ಬೇರೆ. ಸಾಹೇಬರು ರೇಟು ಕೇಳಿದರು, ಸೊಳ್ಳೆ ಬಹಳ ಎಂದರು, ಬಸ್ಸಿನ ಪಾಸು ಮಾಡಿಸಿಕೊಂಡು ಕೊಪ್ಪಳದಿಂದಲೇ ಓಡಾಡಿದರು. 2016ರಲ್ಲಿ ನೋಟು ರದ್ದಾದಾಗ "ರೇಟು ಬೀಳುತ್ತೆ, ಕಾಯೋಣ" ಎಂದರು. ಕೊರೊನಾದಲ್ಲೂ ಅದನ್ನೇ ಅಂದರು, ಮಾಸ್ಕಿನ ಒಳಗಿಂದ.

ಕುಷ್ಟಗಿಗೆ ಹಾಕಿದಾಗ ಅಲ್ಲಿಯ ಏಜೆಂಟ, "ಸಾಹೇಬ್ರ, ಗದಗ–ವಾಡಿ ಲೈನ್ ಬರಾಕತ್ತೈತ್ರಿ. ಟೇಶನ್ ಆತಂದ್ರ ಈ ರೇಟಿಗೆ ಮಣ್ಣೂ ಸಿಗಂಗಿಲ್ಲ" ಎಂದ. ಸಾಹೇಬರು ನಕ್ಕರು. "ಆ ರೈಲು ನನ್ನ ಮೊಮ್ಮಕ್ಕಳು ಹತ್ತಬೇಕು." 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಹೊರಟೇಬಿಟ್ಟಿತು. ಮರುವಾರ ಬಸ್ಸು ಹತ್ತಿ ಹೋಗಿ ಆ ಪ್ಲಾಟು ನೋಡಿಬಂದರು. ಅಲ್ಲಿ ಮನೆ ಎದ್ದಿತ್ತಂತೆ. ಬಾಡಿಗೆಗೆ ಇದ್ದವರು ಹಾಸನದ ಕಡೆಯವರಂತೆ, ಬಾಗಿಲಿಗೆ ಬಂದು, "ನಾವೂ ಮುಂದಿನ ಜೂನ್‌ಗೆ ಹೋಗೋರೇ" ಎಂದರಂತೆ. ಆವತ್ತು ಸಾಹೇಬರು ರಾತ್ರಿ ಊಟ ಮಾಡಲಿಲ್ಲ ಎಂದು ಅವರ ಮನೆಯವರು ನಮ್ಮಾಕೆಯ ಹತ್ತಿರ ಹೇಳಿದರು.

ಯಲಬುರ್ಗಾದ್ದು ಇನ್ನೊಂದು ಬಗೆ. ಮಳೆ ನಂಬಿದ ಎರೆ ಹೊಲಗಳ ಊರು, ಪ್ಲಾಟು ಸಸ್ತಾ. ಸಸ್ತಾ ಎಂದಕೂಡಲೇ ಸಾಹೇಬರಿಗೆ ಅನುಮಾನ. "ಇಷ್ಟು ಕಮ್ಮಿಗೆ ಯಾಕೆ ಕೊಡ್ತಾರೆ? ಕಾಗದದಲ್ಲಿ ಏನೋ ಇರಬೇಕು." ಏನೂ ಇರಲಿಲ್ಲ, ಮಾರುವವನ ಮಗಳ ಮದುವೆ ಇತ್ತು. ಅದೇ ಓಣಿಯಲ್ಲಿ ಸಾಹೇಬರು ಒಂದು ಹೊಸ ಸ್ಲ್ಯಾಬಿನ ಮನೆ ನೋಡಿ, ಯಾವ ಆಫೀಸರದ್ದು ಎಂದು ಕೇಳಿದರು. ಮಂಗಳೂರಿಗೆ ಗುಳೆ ಹೋದವರದ್ದು. ಗಂಡ ಹೆಂಡತಿ ಅಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ, ಗಾರೆ ಹೊತ್ತು, ಇಲ್ಲಿ ಮೂರು ಕೋಣೆ ಹಾಕಿಸಿ ಕೀಲಿ ಜಡಿದು ಹೋಗಿದ್ದರು. ಅವರ ಹತ್ತಿರ ಡೈರಿ ಇರಲಿಕ್ಕಿಲ್ಲ.

2024ರ ಆಗಸ್ಟಿನ ಒಂದು ಸಂಗತಿ ಹೇಳದೆ ಇರಲಾರೆ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ಮರುದಿನ ಇಡೀ ಜಿಲ್ಲೆ ಹುಲಿಗೆಮ್ಮನಿಗೆ ಕೈಮುಗಿದು ನಿಂತಿತ್ತು. ನಮ್ಮ ಸಾಹೇಬರು ಮಾಳಿಗೆಯ ಮೂಲೆಯಲ್ಲಿ ನಿಂತು ಗಂಗಾವತಿಯ ಏಜೆಂಟನಿಗೆ ಮೆಲ್ಲಗೆ ಫೋನು ಹಚ್ಚಿದ್ದರು: "ಈಗ ರೇಟು ಸ್ವಲ್ಪ ಇಳಿದಿರಬೇಕಲ್ವಾ?" ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ರೇಟು ಮಿಸುಕಲಿಲ್ಲ. ಒಳ್ಳೆಯ ಮನುಷ್ಯರೇ, ಆದರೆ ಆ ಫೋನಿನ ಮಾತು ನಾನು ಕೇಳಬಾರದಿತ್ತು.

ಅದೇ ತಿಂಗಳು ಹೊಸ ವೇತನದ ಜೊತೆ ಮನೆ ಬಾಡಿಗೆ ಭತ್ಯೆಯ ದರವೂ ಬದಲಾಯಿತು. ಬೆಂಗಳೂರಿನವರಿಗೆ ಮೂಲವೇತನದ 20%, ನಮ್ಮಂಥ ಊರುಗಳಿಗೆ 7.5%. "ಉಳಿದದ್ದು ನನ್ನ ಕೈಯಿಂದ ಸಾರ್" ಎಂದು ಒಂದು ದಿನ ಬಾಡಿಗೆ ಎಣಿಸುತ್ತ ನಿಟ್ಟುಸಿರು ಬಿಟ್ಟರು. ಆಮೇಲೆ 2025ರ ಆಗಸ್ಟ್ 31ಕ್ಕೆ ನೋಂದಣಿ ಶುಲ್ಕ 1%ದಿಂದ 2%ಕ್ಕೆ ಏರಿತು. ಹಿಂದಿನ ವಾರವಷ್ಟೇ ಒಂದು ಪ್ಲಾಟಿಗೆ ಮಾತುಕತೆ ಮುಗಿಸಿ, ಒಳ್ಳೆಯ ದಿನ ಬರಲಿ ಎಂದು ಬಿಟ್ಟಿದ್ದರು. ಮನೆ ಕಟ್ಟಿ ನೋಡು ಎಂಬ ಗಾದೆಯಲ್ಲಿ ನಮ್ಮ ಸಾಹೇಬರು ನಡುವಿನ ಮಾತು ಬಿಟ್ಟು ಬರೀ ನೋಡಿದರು.

ಈ ನಡುವೆ ಊರು ಅವರನ್ನು ಸದ್ದಿಲ್ಲದೆ ಖರೀದಿ ಮಾಡಿತು. ಮೊದಲ ವರ್ಷ ತಿಪಟೂರಿನಿಂದ ರಾಗಿ ಹಿಟ್ಟಿನ ಚೀಲ ಬರುತ್ತಿತ್ತು. ಈಗ ಅವರ ಮನೆಯಲ್ಲಿ ಖಡಕ್ ರೊಟ್ಟಿಯ ಸಪ್ಪಳ ನಮಗೆ ಕೆಳಗೆ ಕೇಳುತ್ತದೆ. ಮಗಳು ಇಲ್ಲೇ ಎಸ್‌ಎಸ್‌ಎಲ್‌ಸಿ ಮುಗಿಸಿ, ಅಪ್ಪನ "ಏನಮ್ಮಾ"ಗೆ "ಯಾಕ್ರಿ ಪಪ್ಪಾ" ಎನ್ನುತ್ತಾಳೆ. ಗವಿಮಠದ ಜಾತ್ರೆ ಬಂದರೆ ದಾಸೋಹದಲ್ಲಿ ರೊಟ್ಟಿ ಹಂಚಲಿಕ್ಕೆ ರಜೆ ಹಾಕುತ್ತಾರೆ, ತಿಪಟೂರಿನ ನೆಂಟರನ್ನು ಕರೆಸಿ "ನಮ್ಮ ಜಾತ್ರಿ ನೋಡ್ರಿ" ಎಂದು ತೋರಿಸುತ್ತಾರೆ. ನೆಂಟರು ಹೋದ ಮೇಲೆ ನನಗೆ, "ಮುಂದಿನ ವರ್ಷ ನಾವು ಇರಲ್ಲ ಸಾರ್, ಅದಕ್ಕೇ ಕರೆಸಿದೆ."

ಮೊನ್ನೆ ಸುಮ್ಮನೆ ಕೂತವನು ಲೆಕ್ಕ ಮಾಡಿದೆ. 4,500ರಿಂದ ಶುರು, ಅಗ್ರಿಮೆಂಟಿಗೊಮ್ಮೆ 5% ಏರಿಕೆ, ಹನ್ನೊಂದು ಅಗ್ರಿಮೆಂಟು: ಒಟ್ಟು 7,03,000 ರೂಪಾಯಿ, ಚಿಲ್ಲರೆ ಬಿಟ್ಟು. ಮೊದಲ ತಿಂಗಳು ನೋಡಿದ ಪ್ಲಾಟಿನ ಬೆಲೆ. ಇದನ್ನು ಅವರಿಗೆ ಹೇಳಬ್ಯಾಡ್ರಿ ಎಂದು ನಮ್ಮಾಕೆ ಆಣೆ ಹಾಕಿಸಿಕೊಂಡಿದ್ದಾಳೆ.

ಆ ರೊಕ್ಕಕ್ಕೆ ನನ್ನ ಪಿಂಚಣಿಯದಿಷ್ಟು ಸೇರಿಸಿ ಎರಡನೆಯ ಮಹಡಿ ಎಬ್ಬಿಸಿದ್ದೇನೆ. ಕ್ಯೂರಿಂಗಿಗೆ ನಿಂತು ನೀರು ಹೊಡೆದವರು, ಮೇಸ್ತ್ರಿಯ ಸಿಮೆಂಟಿನ ಲೆಕ್ಕದಲ್ಲಿ ತಪ್ಪು ಹಿಡಿದವರು ಸಾಹೇಬರೇ. ಎರಡು ಕೋಣೆ, ಬೋರಿನ ನೀರು, ಗಚ್ಚಿನ ಮೇಲೆ ನಿಂತರೆ ಗವಿಮಠದ ಗುಡ್ಡ ಕಾಣುತ್ತದೆ. ಬಾಡಿಗೆಗೆ ಇದೆ. ಇಲ್ಲೇ ಕಾಯಂ ಇರುತ್ತೇವೆ ಎನ್ನುವವರು ದಯವಿಟ್ಟು ಬರಬೇಡಿ, ಅವರು ಎರಡೇ ವರ್ಷಕ್ಕೆ ಸ್ವಂತ ಮನೆ ಕಟ್ಟಿಸಿಕೊಂಡು ಹೋಗಿಬಿಡುತ್ತಾರೆ. ಮುಂದಿನ ಜೂನಿಗೆ ಊರಿಗೆ ಹೋಗುವವರು ಯಾರಾದರೂ ನಿಮ್ಮ ಗುರುತಿನಲ್ಲಿದ್ದರೆ ಕಳಿಸಿಕೊಡಿ.