199ರ ಎದುರಿನ ಅಂಕಿ

ಹೊಸಪೇಟೆಯ ಅಂಗಡಿಯವನು ಕಂಪ್ಯೂಟರಿನ ಮುಚ್ಚಳವನ್ನೂ ತೆಗೆಯದೆ, ‘ಹಾರ್ಡ್‌ಡಿಸ್ಕ್ ಸತ್ತೈತ್ರಿ, ಹೊಸಾದು ತಗೊಳ್ರಿ’ ಎಂದುಬಿಟ್ಟ. ನಾಡಿ ಹಿಡಿಯದೆ ಹೆಣ ಎತ್ತುವ ಇಂಥ ವೈದ್ಯರ ಮೇಲೆ ನನಗೆ ಹಳೆಯ ಸಿಟ್ಟು. ಕಂಪ್ಯೂಟರನ್ನು ಕಂಕುಳಲ್ಲಿ ಇಟ್ಟುಕೊಂಡು ದರೋಜಿಗೆ ವಾಪಸ್ ಬಂದೆ.

ರೋಗವೇನೋ ನಿಜವಾಗಿತ್ತು: ವಿಡಿಯೋ ನಿಂತು ನಿಂತು ಓಡುತ್ತಿತ್ತು. ಕರಡಿಧಾಮದ ವಾಚ್‌ಟವರಿನಲ್ಲಿ ಮಧ್ಯಾಹ್ನದ ಬಿಸಿಲು ಕುಡಿದು ನಾನೇ ಹಿಡಿದ ವಿಡಿಯೋ ಅದು. ಅರಣ್ಯ ಇಲಾಖೆಯವರು ಬಂಡೆಗೆ ಬೆಲ್ಲದ ಪಾಕ ಬಳಿದು ಹೋಗಿದ್ದಾರೆ, ಕರಡಿ ಇಳಿದು ಬಂದಿದೆ, ನಾಲಿಗೆ ಚಾಚಿದೆ. ಬಂಡೆಗೆ ಇನ್ನೆರಡು ಬೆರಳು ಇರುವಾಗ ಗಕ್ಕನೆ ನಿಂತಿತು. ನಾನೂ ಕಾದೆ. ಚಹಾ ಬಂತು, ಆರಿತು, ಕೆನೆ ಕಟ್ಟಿತು. ಹೆಂಡತಿ ಬಂದು ನೋಡಿ, ‘ಪಾಪ, ಅದಕ್ಕರ ತಿನ್ನಾಕ ಬಿಡ್ರಿ’ ಎಂದು ಹೋದಳು. ಕರಡಿಯ ಜೊತೆಗೆ ನಾನೂ ಬಾಯಿ ತೆರೆದುಕೊಂಡೇ ಕೂತಿದ್ದೇನೆಂದು ಗೊತ್ತಾದದ್ದು ಮೊಮ್ಮಗಳು ನಕ್ಕಾಗ. ಆಗ ಕರಡಿ ಒಮ್ಮೆ ನೆಕ್ಕಿತು, ಮತ್ತೆ ಕಲ್ಲಾಯಿತು.

ಲಿನಕ್ಸಿನ ಕಪ್ಪು ಪರದೆ ತೆರೆದು ‘ಸ್ಮಾರ್ಟ್‌ಸಿಟಿಎಲ್’ ಓಡಿಸಿದೆ. ಡಿಸ್ಕು ತನ್ನ ಆರೋಗ್ಯದ ಪಟ್ಟಿ ಒಪ್ಪಿಸಿತು. ಹಾಳಾದ ಜಾಗಗಳನ್ನು ಹೇಳುವ 5 ಮತ್ತು 197ರ ಎದುರು ಸೊನ್ನೆ. 199ರ ಎದುರು, ಅಂದರೆ ಯುಡಿಎಂಎ ಸಿಆರ್‌ಸಿ ಎರರ್ ಕೌಂಟಿನಲ್ಲಿ, ನಾಲ್ಕಂಕಿಯ ಸಂಖ್ಯೆ! ಮಾಹಿತಿ ಕಳಿಸುವವರು ಅದರ ಲೆಕ್ಕವನ್ನೂ ಜೊತೆಗೆ ಕಳಿಸುತ್ತಾರೆ. ತಲುಪಿದ ಕಡೆ ಆ ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಕಳಿಸಬೇಕು, 199ಕ್ಕೆ ಒಂದು ಕೂಡಬೇಕು. ಡಿಸ್ಕು ನಿರಪರಾಧಿ. ತಪ್ಪು ದಾರಿಯದು: ಬಹುತೇಕ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದು.

ಕೇಬಲ್ ಬದಲಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಏರುವ ಅಂಕಿಯ ರುಚಿ ಹತ್ತಿದವನು ಸುಮ್ಮನಿರುತ್ತಾನೆಯೇ? ಯಾವುದರಿಂದ ಏರುತ್ತದೆಂದು ಮಿಕ್ಸರ್ ಹಾಕಿಸಿ ನೋಡಿದೆ, ಫ್ಯಾನ್ ಆರಿಸಿ ನೋಡಿದೆ. ತೋರಣಗಲ್ಲಿನ ಕಡೆ ಗೂಡ್ಸ್ ಗಾಡಿ ಹೋಗುವ ಹೊತ್ತಿಗೆ ಪರದೆಯ ಮುಂದೆ ಹಾಜರಾದೆ. ಅಂಕಿ ತನ್ನ ಪಾಡಿಗೆ ಏರುತ್ತಿತ್ತು. ಬೆಂಗಳೂರಿನ ಅಳಿಯ ಫೋನಿನಲ್ಲಿ, ‘ಎಲ್ಲಾ ಕ್ಲೌಡಿಗೆ ಹಾಕಿಬಿಡಿ ಮಾವ’ ಎಂದ. ನಮ್ಮೂರಿನ ನೆಟ್‌ವರ್ಕಿನಲ್ಲಿ ಕರಡಿಯನ್ನು ಮೋಡಕ್ಕೆ ಹತ್ತಿಸಲು ಅವನೇ ಬರಲಿ.

ಅದೇ ಡಿಸ್ಕಿನಲ್ಲಿ ನಮ್ಮೂರ ಬುರ್ರಕಥೆ ಈರಮ್ಮನ ದನಿಯೂ ಇದೆ. ಓದು ಬರಹ ಬಾರದ ಆಕೆಯ ನಾಲಿಗೆಯ ಮೇಲೆ 12 ಕಾವ್ಯಗಳಿದ್ದವು, ಬರೆದರೆ ಸುಮಾರು ಎರಡು ಲಕ್ಷ ಪದ ಎನ್ನುತ್ತಾರೆ. ಅದಕ್ಕೇ ‘ನಾಡೋಜ’ ಗೌರವ ಬಂತು. 2014ರಲ್ಲಿ ಈರಮ್ಮ ಹೋದರು. ಬಾಯಿಂದ ಕಿವಿಗೆ ದಾಟುವಾಗ ಎಷ್ಟು ಸಾಲು ಉದುರಿದವೋ, ಅದನ್ನು ಎಣಿಸಿಟ್ಟ ಯಂತ್ರವಿಲ್ಲ; ಮತ್ತೆ ಕಳಿಸು ಎಂದು ಕೇಳೋಣವೆಂದರೆ ಕಳಿಸುವವರೇ ಇಲ್ಲ. ಗೂಡ್ಸ್ ಗಾಡಿಯ ಸಂಶೋಧನೆ ಅಲ್ಲಿಗೆ ಸಾಕೆನಿಸಿತು.

ಹೊಸ ಕೇಬಲ್ ಹಾಕಿದೆ. ಏರಿಕೆ ನಿಂತಿತು. 199 ಮಾತ್ರ ಇಳಿಯುವ ಜಾತಿಯದಲ್ಲ, ಹಳೆಯ ಲೆಕ್ಕವನ್ನು ಡಿಸ್ಕು ಕೊನೆಯವರೆಗೆ ಹೊತ್ತೇ ಇರುತ್ತದೆ. ಆದ್ದರಿಂದ ದೊಡ್ಡ ಅಂಕಿ ಕಂಡು ಗಾಬರಿಯಾಗಬೇಡಿ, ನಾಳೆಯೂ ಅಷ್ಟೇ ಇದೆಯೇ ನೋಡಿ. ಹೆಚ್ಚುತ್ತಿದ್ದರೆ ಕೇಬಲ್ ಬದಲಿಸಿ. 5 ಅಥವಾ 197 ಏರತೊಡಗಿದ್ದರೆ ಮಾತ್ರ ನನ್ನ ಹಾಗೆ ಅಂಕಿ ನೋಡುತ್ತ ಕೂರದೆ, ಇರುವುದನ್ನೆಲ್ಲ ಅವತ್ತೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ.