ಬೆಂಗಳೂರಿನ ಟೈಮಿಂಗ್ ಅನ್ನು ದಾಬಸ್‌ಪೇಟೆಯಲ್ಲೇ ಬಿಟ್ಟು ಬನ್ನಿ

ಭಾನುವಾರ ಮಧುಗಿರಿ ಕಡೆ ಓಡಲು ಬರುವ ಬೆಂಗಳೂರಿನ ಓಟಗಾರರಿಗೊಂದು ಬಹಿರಂಗ ಪತ್ರ

ಗೆಳೆಯರೇ,

ಮಹಾರಾಷ್ಟ್ರದ ಸಾತಾರಾ ಬೆಟ್ಟದ ಹಾಫ್ ಮ್ಯಾರಥಾನ್‌ಗೆ ತಯಾರಿ ಮಾಡಿಕೊಳ್ಳಲು ನಿಮ್ಮಲ್ಲಿ ಕೆಲವರು ನಂದಿ ಬೆಟ್ಟದ ಜನಜಂಗುಳಿ ಬಿಟ್ಟು ನಮ್ಮ ಕಡೆ ಬರುತ್ತಿದ್ದೀರಿ. ಕೊರಟಗೆರೆ ದಾಟಿದ ಮೇಲೆ ರಸ್ತೆ ಬದಿ ಕಾರು ನಿಲ್ಲಿಸಿ, ಲೇಸು ಬಿಗಿದು, ಕೈಗಡಿಯಾರಕ್ಕೆ ಸಿಗ್ನಲ್ ಸಿಗುವವರೆಗೆ ಕಾದು ಹೊರಡುತ್ತೀರಿ. ವಾಪಸು ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತಾಗ ನಿಮ್ಮ ಮುಖ ನೋಡಲಾಗುವುದಿಲ್ಲ. ‘ಬೆಂಗಳೂರಲ್ಲಿ ಒಂದು ಐವತ್ತೈದಕ್ಕೆ ಮುಗಿಸಿದ್ದೆ ಸಾರ್. ಇಲ್ಲಿ ಎರಡು ಗಂಟೆ ದಾಟಿತು. ಪಿ.ಬಿ. (ಪರ್ಸನಲ್ ಬೆಸ್ಟ್) ಇರಲಿ, ಅದರ ಹತ್ತಿರಕ್ಕೂ ಬರಲಿಲ್ಲ’ ಎಂದು ಒಬ್ಬರು ಹೇಳಿಕೊಂಡಾಗ ನನಗೆ ನಿಜವಾಗಿ ಬೇಸರವಾಯಿತು. ಅವರು ಆ ಹೊತ್ತು ಓಡಿದ ಓಟ ಬಹಳ ಚೆನ್ನಾಗಿತ್ತು. ಅದನ್ನು ಬೇರೆ ಊರಿನ ತಕ್ಕಡಿಯಲ್ಲಿ ತೂಗಿದ್ದೇ ತಪ್ಪಾಗಿತ್ತು.

ಸಮಯ ನೋಡದೆ ಸುಮ್ಮನೆ ಖುಷಿಗೆ ಓಡಿ ಎಂದು ನಾನು ಹೇಳುವವನಲ್ಲ. ಶಾಲೆಯ ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೇ ಸರ್ವೀಸು ಕಳೆದವನು. ಹೋದ ಸಲಕ್ಕಿಂತ ಒಂದು ಸೆಕೆಂಡ್ ಕಡಿಮೆ ಬಂದಾಗ ಮಗುವಿನ ಮುಖದಲ್ಲಿ ಏನಾಗುತ್ತದೆ ಎಂಬುದು ನನಗೆ ಗೊತ್ತು. ನಿಮ್ಮ ಪಿ.ಬಿ. ಆಸೆ ಒಳ್ಳೆಯ ಆಸೆ. ಆದರೆ ಗುಡ್ಡದ ರಸ್ತೆಯ ಪಿ.ಬಿ. ಅದೇ ಗುಡ್ಡದ ರಸ್ತೆಯಲ್ಲೇ ಹುಟ್ಟಬೇಕು. ಕಬ್ಬನ್ ಪಾರ್ಕಿನದನ್ನು ತಂದು ಇಲ್ಲಿ ಹುಡುಕಿದರೆ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಲೆಕ್ಕವೇ ಇದೆ. ಏರಿನಲ್ಲಿ ಕಳೆದ ಸಮಯವನ್ನು ಇಳಿಜಾರಿನಲ್ಲಿ ವಸೂಲು ಮಾಡಿಕೊಳ್ಳಬಹುದು ಎಂದು ಬಹಳ ಮಂದಿ ನಂಬಿದ್ದಾರೆ. ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಓಟಗಾರರನ್ನು ಏರು–ಇಳಿಜಾರಿನ ಟ್ರೆಡ್‌ಮಿಲ್ ಮೇಲೆ ಓಡಿಸಿ, ಖರ್ಚಾಗುವ ಶಕ್ತಿಯನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಅವರು ಕೊಟ್ಟ ಸೂತ್ರ ಹಿಡಿದು ಲೆಕ್ಕ ಹಾಕಿದರೆ, ನೂರು ಮೀಟರಿಗೆ 5 ಮೀಟರ್ ಏರುವ ದಿಣ್ಣೆಯಲ್ಲಿ ಸಮತಟ್ಟಿಗಿಂತ ಶೇ 30ರಷ್ಟು ಹೆಚ್ಚು ಶಕ್ತಿ ಬೇಕು. ಅಷ್ಟೇ ಇಳಿಜಾರಿನಲ್ಲಿ ಉಳಿಯುವುದು ಶೇ 24ರಷ್ಟು ಮಾತ್ರ. ನೂರಕ್ಕೆ 10 ಮೀಟರಿನ ಏರಾದರೆ ಶೇ 66ರಷ್ಟು ಹೋಗುತ್ತದೆ, ಇಳಿಯುವಾಗ ಶೇ 40ರಷ್ಟು ಮರಳುತ್ತದೆ. ಏರು ಕಡಿದಾದಷ್ಟೂ ಬಾಕಿ ಬೆಳೆಯುತ್ತದೆ. ಒಂದು ಗಂಟೆ 55 ನಿಮಿಷದ ಓಟಗಾರ ಅರ್ಧ ಏರು, ಅರ್ಧ ಇಳಿಜಾರು ಇರುವ 21 ಕಿ.ಮೀ.ಯನ್ನು ಅಷ್ಟೇ ದುಡಿಮೆಯಲ್ಲಿ ಓಡಿದರೆ, ಮೊದಲ ಬಗೆಯ ರಸ್ತೆಯಲ್ಲಿ ಮೂರೂವರೆ ನಿಮಿಷ, ಎರಡನೆಯದರಲ್ಲಿ ಹತ್ತಿರಹತ್ತಿರ ಕಾಲು ಗಂಟೆ ತಡವಾಗುತ್ತದೆ. ಅದೂ ಇಳಿಜಾರಿನಲ್ಲಿ ಸಿಗುವ ಲಾಭವನ್ನೆಲ್ಲ ಕಾಲು ತಾಳಿಕೊಂಡರೆ. ಟೀ ಅಂಗಡಿಯಲ್ಲಿ ಬೇಸರಪಟ್ಟುಕೊಂಡವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದಿದ್ದರೆ, ಅವತ್ತು ಅವರು ಸಿಹಿ ಹಂಚಬೇಕಿತ್ತು.

ಅಡ್ಡದಾರಿಯೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಮಧುಗಿರಿ ಪೇಟೆ ಸಮುದ್ರಮಟ್ಟದಿಂದ ಸುಮಾರು 787 ಮೀಟರ್ ಎತ್ತರದಲ್ಲಿದೆ, ಶಿರಾ ಸುಮಾರು 660 ಮೀಟರಿನಲ್ಲಿ. ಮಧುಗಿರಿಯಿಂದ ಶಿರಾ ದಿಕ್ಕಿಗೆ ಓಡಿದರೆ ಒಟ್ಟಾರೆ ಇಳಿಜಾರು ನಿಮ್ಮ ಕಡೆಗಿರುತ್ತದೆ. ಆದರೆ ರಸ್ತೆ ಓಟದ ದಾಖಲೆಗೆ ವರ್ಲ್ಡ್ ಅಥ್ಲೆಟಿಕ್ಸ್ ನಿಯಮ ಮಾಡಿದೆ: ಆರಂಭಕ್ಕಿಂತ ಮುಕ್ತಾಯ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ತಗ್ಗಿನಲ್ಲಿರಬಾರದು. ಹಾಫ್ ಮ್ಯಾರಥಾನ್‌ಗೆ ಅಂದರೆ ಒಟ್ಟು 21 ಮೀಟರ್. ಆರಂಭ ಮತ್ತು ಮುಕ್ತಾಯದ ನಡುವಿನ ನೇರ ಅಂತರವೂ ಓಟದ ದೂರದ ಅರ್ಧಕ್ಕಿಂತ ಹೆಚ್ಚಿರಬಾರದು. ನಿಮ್ಮ ಪಿ.ಬಿ.ಯನ್ನು ಯಾರೂ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ, ನಿಜ. ಆದರೂ ಆ ನಿಯಮ ಮಾಡಿದವರಿಗೆ ಇದ್ದ ಪ್ರಾಮಾಣಿಕತೆ ನಮ್ಮ ಡೈರಿಯಲ್ಲೂ ಇರಲಿ ಎಂಬುದು ನನ್ನ ಆಸೆ.

ಸಾತಾರಾ ಓಟವನ್ನೇ ನೋಡಿ. 2012ರಲ್ಲಿ ಶುರುವಾದದ್ದು. ಪೇಟೆಯಿಂದ ಹೊರಟು ಯವತೇಶ್ವರ ಘಾಟಿ ಹತ್ತಿ, ಕಾಸ್ ರಸ್ತೆಯಲ್ಲಿ ತಿರುಗಿ, ಬಂದ ದಾರಿಯಲ್ಲೇ ಇಳಿಯುತ್ತದೆ. ಮೊದಲರ್ಧ ಬಹುಪಾಲು ಏರು, ಉಳಿದರ್ಧ ಇಳುಕಲು. ಅಲ್ಲಿಗೆ ಮತ್ತೆ ಮತ್ತೆ ಹೋಗುವವರು ತಮ್ಮ ಮುಂಬೈ ಟೈಮಿಂಗ್ ಜೊತೆ ಹೋಲಿಸಿಕೊಳ್ಳುವುದಿಲ್ಲ. ಹೋದ ವರ್ಷದ ಸಾತಾರಾ ಜೊತೆ ಹೋಲಿಸಿಕೊಳ್ಳುತ್ತಾರೆ. ಆ ಓಟ ಅವರಿಗೆ ಕೊಟ್ಟ ದೊಡ್ಡ ಉಡುಗೊರೆ ಅದೇ. ಅಳತೆ ಮಾಡಿಟ್ಟ ಒಂದು ಗುಡ್ಡ, ವರ್ಷ ವರ್ಷವೂ ಅದೇ ಗುಡ್ಡ.

ಇನ್ನು ನಮ್ಮ ನೆಲದ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳೇ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯ ಪಟ್ಟಿಯಲ್ಲಿ ‘ಮಧುಗಿರಿ’ ಎಂದು ನಮ್ಮ ಹೆಸರು ಬೇರೆಯೇ ಸಾಲಿನಲ್ಲಿ ಬರುತ್ತದೆ. ಈ ನಾಲ್ಕು ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಓಟಗಾರನ ಕಾಲಿಗೆ ಮಾತ್ರ ಇವು ನಾಲ್ಕು ಬೇರೆ ಬೇರೆ ನೆಲ. ಕೊರಟಗೆರೆ ಕಡೆ ಸಿದ್ಧರಬೆಟ್ಟ, ಚನ್ನರಾಯನದುರ್ಗದ ಸುತ್ತ ರಸ್ತೆ ನಿಂತಲ್ಲಿ ನಿಲ್ಲದೆ ಏರಿ ಇಳಿಯುತ್ತದೆ. ಉಸಿರನ್ನು ಹದದಲ್ಲಿಡುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಏರಿನಲ್ಲಿ ವೇಗ ಬೀಳಲಿ, ಉಸಿರು ಮಾತ್ರ ಕೆಳಗಿದ್ದ ಹಾಗೇ ಇರಲಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ಜೋರಾಯಿತು ಎಂದೇ ಅರ್ಥ. ಶಿರಾ ಬಯಲು ಸೀಮೆ. ಕಾಲಿಗೆ ಹಗುರ, ಎದುರುಗಾಳಿ ಎದ್ದರೆ ಮಾತ್ರ ಕಷ್ಟ. ಪಾವಗಡದಲ್ಲಿ ಬಿಸಿಲೇ ದೊಡ್ಡ ಏರು. 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಅಲ್ಲಿಗೇ ಬಂದದ್ದು ಸುಮ್ಮನೆ ಅಲ್ಲ. ತಿರುಮಣಿ, ವಳ್ಳೂರು ಕಡೆಯ ರೈತರು ಬೆಳೆ ಕೈಕೊಟ್ಟ ಹೊಲಗಳನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಆ ಫಲಕಗಳ ನಡುವಿನ ರಸ್ತೆಯಲ್ಲಿ ನೆರಳೆಂಬುದಿಲ್ಲ. ಅಲ್ಲಿ ಓಡುವವರು ಬಿಸಿಲೇರುವ ಮೊದಲೇ ಮುಗಿಸಿಕೊಳ್ಳಬೇಕು.

ನೀರಿನ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚಿನದನ್ನು ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಆಮೇಲೆ ಮಂಡಿ, ಬೆನ್ನು ಬಿಗಿಯುತ್ತದೆ. ಒಂದು ದಿನ ಕುಡಿದ ನಿಮಗೆ ಏನೂ ಆಗುವುದಿಲ್ಲ. ಆದರೆ ಅಲ್ಲಿ ನಿಮ್ಮ ಪಕ್ಕದಲ್ಲಿ ಒಂದಷ್ಟು ದೂರ ಓಡಿ ಬರುವ ಹುಡುಗರು ಅದೇ ನೀರು ಕುಡಿದು ಬೆಳೆದವರು. ಅವರ ಮಂಡಿಯ ಬಗ್ಗೆ ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಮಧುಗಿರಿ ಬೆಟ್ಟದ ಮೇಲೆ ಸಮಯ ಹಿಡಿದು ಓಡುವ ಸಾಹಸ ಮಾತ್ರ ದಯವಿಟ್ಟು ಬೇಡ. ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರಕ್ಕೆ ಏರಿರುವ ಒಂದೇ ಕಲ್ಲು ಅದು. ಪೇಟೆಯಿಂದ ನೋಡಿದರೆ ಗೋಡೆಯ ಹಾಗೆ ಎದ್ದಿದೆ. ಕೋಟೆ ಬಾಗಿಲುಗಳನ್ನು ದಾಟಿ ಮೇಲೆ ಹೋದಂತೆ, ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳು ಸವೆದು ಪಾದದ ಅರ್ಧದಷ್ಟೇ ಉಳಿದಿರುವ ಕಡೆಗಳಿವೆ. ಹತ್ತುವಾಗ ಕಂಬಿ ಹಿಡಿದರೆ ಸಾಕು. ಇಳಿಯುವಾಗ ಕೂತುಕೊಂಡೇ ಜಾರಬೇಕಾಗುತ್ತದೆ. ಇಬ್ಬನಿ ಬಿದ್ದಿದ್ದರೆ ಶೂ ನಿಲ್ಲುವುದಿಲ್ಲ. ಅದನ್ನು ನಿಧಾನವಾಗಿ ಹತ್ತಿ, ಮೇಲಿನ ಗೋಪಾಲಕೃಷ್ಣನ ಪಾಳು ಗುಡಿಯ ಹತ್ತಿರ ಕೂತು ಬನ್ನಿ. ಓಟಕ್ಕೆ ಕೆಳಗಿನ ರಸ್ತೆಗಳಿವೆ. ಆದರೆ ತಿಮ್ಮಲಾಪುರದ ಕಾಡಿನ ಕಡೆ, ಸಿದ್ಧರಬೆಟ್ಟದ ಬುಡದಲ್ಲಿ ಕರಡಿಗಳಿವೆ, ಚಿರತೆಯೂ ಉಂಟು. ಕರಡಿ ಬೆಳಗಿನ ಜಾವ ಗುಹೆಗೆ ಮರಳುವ ಹೊತ್ತೂ, ನೀವು ಟಾರ್ಚ್ ಕಟ್ಟಿಕೊಂಡು ಹೊರಡುವ ಹೊತ್ತೂ ಒಂದೇ. ಬೆಳಕು ಹರಿದ ಮೇಲೆ ಹೊರಡಿ, ಒಬ್ಬರೇ ಬೇಡ, ಕಿವಿಗೆ ಹಾಡು ಸಿಕ್ಕಿಸಿಕೊಳ್ಳುವುದು ಬೇಡವೇ ಬೇಡ.

ಇಳಿಜಾರಿನ ಪಾಠಕ್ಕೆ ನಮ್ಮ ಹುಡುಗಿಯೊಬ್ಬಳ ಓಟವನ್ನು ನಿಮಗೆ ತೋರಿಸಬೇಕಿತ್ತು. ಪಾವಗಡ ಕಡೆಯವಳು, ಗುಡ್ಡಗಾಡು ಓಟದ ಸ್ಪರ್ಧೆಗೆ ಬಂದಿದ್ದಳು. ಏರಿನಲ್ಲಿ ನಾಲ್ಕನೆಯವಳೋ ಐದನೆಯವಳೋ. ಗರಸು ಮಣ್ಣಿನ ಇಳುಕಲು ಬಂದದ್ದೇ ತಡ, ಮುಂದಿದ್ದ ಮಕ್ಕಳೆಲ್ಲ ಮೈ ಹಿಂದಕ್ಕೆ ವಾಲಿಸಿ, ಹಿಮ್ಮಡಿ ಊರಿ, ಹೆಜ್ಜೆ ಹೆಜ್ಜೆಗೂ ಬ್ರೇಕು ಹಾಕುತ್ತಿದ್ದರು. ಇವಳು ಮೈಯನ್ನು ಇಳಿಜಾರಿನ ಜೊತೆಗೇ ಮುಂದಕ್ಕೆ ಬಿಟ್ಟಳು. ಹೆಜ್ಜೆ ಚಿಕ್ಕದು, ಬೇಗ ಬೇಗ. ಪಾದ ನೆಲ ಮುಟ್ಟುತ್ತಿದ್ದುದು ಸೊಂಟದ ನೇರ ಕೆಳಗೆ. ಮೊಣಕೈ ಎರಡೂ ಸ್ವಲ್ಪ ಅಗಲಕ್ಕೆ ತೆರೆದಿದ್ದವು. ಕಣ್ಣು ಪಾದದ ಮೇಲಿರಲಿಲ್ಲ, ನಾಲ್ಕೈದು ಮಾರು ಮುಂದಿನ ಕಲ್ಲಿನ ಮೇಲಿತ್ತು. ಇಳಿದು ಮುಗಿಯುವಷ್ಟರಲ್ಲಿ ಮೊದಲನೆಯವಳಾಗಿದ್ದಳು. ಯಾರಮ್ಮ ಹೇಳಿಕೊಟ್ಟಿದ್ದು ಎಂದು ಕೇಳಿದೆ. ‘ಯಾರೂ ಇಲ್ಲ ಸಾರ್, ಮೇಕೆ ಹಿಂದೆ ಇಳೀತೀನಲ್ಲ’ ಅಂದಳು.

ನೀವು ಮೇಕೆ ಕಾಯಬೇಕಾಗಿಲ್ಲ, ಆದರೆ ಇಳಿಯುವುದನ್ನು ಅಭ್ಯಾಸ ಮಾಡಲೇಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಅದರ ಎಳೆಗಳು ಹರಿಯುವುದು ಆಗಲೇ. ನೋವು ಓಟದ ದಿನ ಕಾಣುವುದಿಲ್ಲ, ಮರುದಿನ, ಅದರ ಮರುದಿನ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ. ಒಮ್ಮೆ ಹದವಾಗಿ ಇಳಿದು ಆ ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ಬಗ್ಗುವುದಿಲ್ಲ. ಆದ್ದರಿಂದ ಓಟಕ್ಕೆ ಮೂರು ನಾಲ್ಕು ವಾರ ಮುಂಚೆ ಇಳಿಜಾರಿನ ಓಟ ಒಂದೆರಡು ಸಲ ಇರಲಿ, ಕೊನೆಯ ವಾರ ಮಾತ್ರ ಬೇಡ. ಏರನ್ನು ಮಾತ್ರ ಅಭ್ಯಾಸ ಮಾಡಿ ಸಾತಾರಾಕ್ಕೆ ಹೋದವರು ಹದಿನೈದನೆಯ ಕಿಲೋಮೀಟರಿನಲ್ಲಿ ತೊಡೆ ಹಿಡಿದು ನಿಲ್ಲುತ್ತಾರೆ.

ಇಷ್ಟೆಲ್ಲ ಬರೆಯಲು ಕೂತದ್ದು ಇನ್ನೊಂದು ಮಾತಿಗೆ. ಆ ಹುಡುಗಿ 21 ಕಿ.ಮೀ. ಎಷ್ಟರಲ್ಲಿ ಓಡಬಲ್ಲಳು? ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಬಳಿ ಪಿ.ಬಿ. ಇದೆ, ಅವಳ ಬಳಿ ಇಲ್ಲ. ಅವಳಿಗೆ ಕಾಲಿಲ್ಲವೆಂದಲ್ಲ, ಅಳತೆ ಮಾಡಿದ ರಸ್ತೆ ಇಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆ ನಮ್ಮ ಪಾವಗಡದಂಥದ್ದೇ ಬರದ ಸೀಮೆ. ಅಲ್ಲಿನ ಮಾಂಡ್ವಾ ಊರಿನ ಅವಿನಾಶ್ ಸಾಬ್ಳೆ 2020ರ ದೆಹಲಿ ಹಾಫ್ ಮ್ಯಾರಥಾನ್‌ನಲ್ಲಿ ಒಂದು ಗಂಟೆ 30 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದದ್ದು 2023ರಲ್ಲಿ. ಸೇನೆ ಸೇರಿದ ಮೇಲೆ ಅವರ ಓಟವನ್ನು ಗಡಿಯಾರ ಹಿಡಿದು ನೋಡುವವರು ಸಿಕ್ಕರು. ನಮ್ಮ ಮಕ್ಕಳು ಪದವಿಗೆ, ಮದುವೆಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮುಂಚೆ ಯಾರಾದರೂ ಒಮ್ಮೆ ಅವರ ಸಮಯ ಬರೆದಿಡಬೇಕು.

ಅದಕ್ಕೆ ಅಳತೆ ಮಾಡಿದ ದಾರಿ ಬೇಕು, ಕೋಟಿ ಬೇಕಾಗಿಲ್ಲ. ಕೈಗಡಿಯಾರದ ಜಿ.ಪಿ.ಎಸ್. ಬಂಡೆಗಳ ಪಕ್ಕದಲ್ಲಿ ತಪ್ಪುತ್ತದೆ. ದಾರಿಯನ್ನು ಅಳೆಯುವುದು ಸೈಕಲ್ಲಿನಿಂದ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಚಿಕ್ಕ ಎಣಿಕೆ ಯಂತ್ರ ಕೂರಿಸುತ್ತಾರೆ. ಉಕ್ಕಿನ ಟೇಪಿನಿಂದ ಅಳೆದ ಮುನ್ನೂರು ನಾನೂರು ಮೀಟರಿನ ನೇರ ರಸ್ತೆಯಲ್ಲಿ ಸೈಕಲ್ಲನ್ನು ನಾಲ್ಕು ಸಲ ಓಡಿಸಿ, ಒಂದು ಕಿಲೋಮೀಟರಿಗೆ ಎಷ್ಟು ಎಣಿಕೆ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ತಿರುವುಗಳಲ್ಲಿ ಅತ್ಯಂತ ಹತ್ತಿರದ ದಾರಿ ಹಿಡಿದು ಪೂರ್ತಿ ಅಳೆಯುತ್ತಾರೆ. ದಾರಿ ಅಪ್ಪಿತಪ್ಪಿಯೂ ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರಿನಂತೆ 21 ಮೀಟರ್ ಹೆಚ್ಚಿಗೆ ಬಿಡುತ್ತಾರೆ. ಮುಗಿದ ಮೇಲೆ ಮತ್ತೆ ಅದೇ ನೇರ ರಸ್ತೆಗೆ ಹೋಗಿ ಸೈಕಲ್ಲನ್ನು ಪರೀಕ್ಷಿಸುತ್ತಾರೆ. ಬಿಸಿಲಿಗೆ ಟೈರು ಉಬ್ಬಿದ್ದರೆ ಗೊತ್ತಾಗಲಿ ಎಂದು. ಪ್ರಪಂಚದ ದೊಡ್ಡ ಓಟಗಳ ದಾರಿ ಅಳೆಯುವುದೂ ಹೀಗೆಯೇ.

ಮಧುಗಿರಿಯಲ್ಲೇ ಶುರು, ಮಧುಗಿರಿಯಲ್ಲೇ ಮುಕ್ತಾಯ. ಕೊರಟಗೆರೆ ದಿಕ್ಕಿಗೆ ಹೋಗಿ ತಿರುಗಿ ಬರುವ 21.0975 ಕಿ.ಮೀ. ಹೀಗೊಂದು ದಾರಿ ನನ್ನ ಮನಸ್ಸಿನಲ್ಲಿದೆ. ತಿರುಗುವ ಜಾಗದಲ್ಲಿ ರಸ್ತೆಗೆ ಒಂದು ಮೊಳೆ ಹೊಡೆದು ಬಣ್ಣ ಬಳಿದರೆ ಮುಗಿಯಿತು. ನಿಮ್ಮ ಸಾತಾರಾ ತಯಾರಿಗೂ ಅದೇ, ನಮ್ಮ ಮಕ್ಕಳಿಗೂ ಅದೇ. ಮುಂದಿನ ವರ್ಷ ನೀವು ಅದರಲ್ಲಿ ಅರ್ಧ ನಿಮಿಷ ಕಡಿಮೆ ಓಡಿದರೂ ಅದನ್ನು ಯಾರೂ ಅಲ್ಲಗಳೆಯಲಾರರು. ಸೈಕಲ್ಲು, ಹುಡುಗರು, ನೀರುಮಜ್ಜಿಗೆ ನಮ್ಮ ಕಡೆಯಿಂದ. ಕೌಂಟರು ಮತ್ತು ಉಕ್ಕಿನ ಟೇಪು ನೀವು ತನ್ನಿ. ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ, ವಾಹನ ಕಡಿಮೆ ಇರುವ ಒಂದು ಭಾನುವಾರ ಬೆಳಗ್ಗೆ ಗೊತ್ತುಮಾಡಿ ತಿಳಿಸಿ.

ಇತಿ ನಿಮ್ಮ,
ಮಧುಗಿರಿಯ ಒಬ್ಬ ನಿವೃತ್ತ ದೈಹಿಕ ಶಿಕ್ಷಕ